ಅನುಮೋದಕರು ಬೇಕಾಗಿದ್ದಾರೆ

ನಮ್ಮ ಭೂಗೋಳ ವಿಭಾಗದಲ್ಲಿ ಇದ್ದದ್ದು ಇಬ್ಬರೇ ಅಧ್ಯಾಪಕರು. ಇಬ್ಬರೇ ಆದರೂ ತಿಂಗಳಿಗೊಮ್ಮೆ ವಿಭಾಗದ ಸಭೆ ನಡೆಯಲೇಬೇಕು ಎಂದು ವಿಶ್ವವಿದ್ಯಾಲಯದ ನಿಯಮ. ಸಭೆ ಎಂದ ಮೇಲೆ ಠರಾವು. ಠರಾವು ಎಂದ ಮೇಲೆ ಅದನ್ನು ಮಂಡಿಸುವ ಸೂಚಕರು ಒಬ್ಬರು, ಅದಕ್ಕೆ ಸೈ ಎನ್ನುವ ಅನುಮೋದಕರು ಒಬ್ಬರು. ಉಳಿದ ಸಣ್ಣ ವಿಭಾಗಗಳವರು ಸಭೆ ನಡೆಸಿದೆವೆಂದು ಎರಡು ಸಾಲು ಬರೆದು ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಮುಖ್ಯಸ್ಥರು ಆ ಪೈಕಿಯಲ್ಲ. ನಕಾಶೆ ಕೋಣೆಯ ಉದ್ದ ಮೇಜಿನ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ನಾನು ಕೂರಬೇಕು. ನಾನು ಠರಾವನ್ನು ಗಟ್ಟಿಯಾಗಿ ಓದಬೇಕು. ಅವರು ಮಂಡಿ ಹಿಡಿದುಕೊಂಡು ಎದ್ದು, ನೆಟ್ಟಗೆ ನಿಂತು, "ಅನುಮೋದಿಸುತ್ತೇನೆ" ಎನ್ನಬೇಕು. ಪಾಪ, ಆ ಮಂಡಿ ಏಳುವಾಗೊಮ್ಮೆ ಕೂರುವಾಗೊಮ್ಮೆ ಲಟಕ್ಕೆನ್ನುತ್ತಿತ್ತು.

"ಕೂತೇ ಹೇಳಿ ಸಾರ್. ಇಲ್ಲಿ ಯಾರು ನೋಡ್ತಾರೆ?" ಎಂದು ಒಂದು ಸಲ ಹೇಳಿದೆ.

"ಯಾರೂ ನೋಡಲ್ಲ ಅಂತಲೇ ಎದ್ದು ನಿಲ್ಲಬೇಕಮ್ಮ" ಎಂದರು. "ಒಬ್ಬರ ಮಾತಿಗೆ ನಾನೂ ಇದ್ದೀನಿ ಅನ್ನೋದು ಕೂತು ಮಾಡೋ ಕೆಲಸ ಅಲ್ಲ."

ಸಭೆಯ ಕೊನೆಗೆ ವಂದನಾರ್ಪಣೆ. ಅದೂ ಅವರದೇ. "ಬಿಡುವು ಮಾಡಿಕೊಂಡು ಬಂದ ಎಲ್ಲ ಸದಸ್ಯರಿಗೂ ಕೃತಜ್ಞತೆಗಳು" ಎಂದು ಕೋಣೆಯ ತುಂಬ ಜನ ಕೂತಿರುವವರ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಹೇಳುವರು. ಎಲ್ಲ ಸದಸ್ಯರು ಎಂದರೆ ನಾನು. ಮೊದಮೊದಲು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಆಮೇಲೆ ಆ ಮಾತಿಗಾಗಿಯೇ ಕಾಯತೊಡಗಿದೆ. ನಾನು ಎಲ್ಲಿಗಾದರೂ ಬಂದೆನೆಂದು ಇನ್ಯಾರೂ ನನಗೆ ಕೃತಜ್ಞತೆ ಹೇಳಿದ್ದಿಲ್ಲ.

ಸರ್ ಹಾಸನದ ಕಡೆಯವರು. ಕೊಯಮತ್ತೂರಿಗೆ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ನಾನು ಇಲ್ಲೇ ಹತ್ತಿರದ ಕರುಮತ್ತಂಪಟ್ಟಿಯ ನೇಕಾರರ ಮನೆಯವಳು. ನಮ್ಮ ಮನೆಯಲ್ಲಿ ಮಾತಾಡುವುದು ಕನ್ನಡವೇ, ಆದರೆ ಅರ್ಧ ತಮಿಳು ಬೆರೆತದ್ದು. ಹೊಸಿಲು ದಾಟಿದರೆ ಪೂರಾ ತಮಿಳು. ಕನ್ನಡ ಓದಲು ಬರೆಯಲು ನಮ್ಮ ಬೀದಿಯಲ್ಲಿ ಒಬ್ಬರಿಗೂ ಬಾರದು, ನನಗೂ ಬರುತ್ತಿರಲಿಲ್ಲ. ಸರ್ ತಮ್ಮೂರಿಂದ ತಂದು ಗೋಡೆಗೆ ಹಾಕಿದ್ದ ಕಾವೇರಿ ಕಣಿವೆಯ ದೊಡ್ಡ ನಕಾಶೆ ಒಂದಿತ್ತು, ಹೆಸರೆಲ್ಲ ಕನ್ನಡದಲ್ಲಿ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ನನ್ನನ್ನು ಆ ನಕಾಶೆಯ ಮುಂದೆ ನಿಲ್ಲಿಸಿ ಕೋಲಿನಿಂದ ತೋರಿಸಿ ಓದಿಸುತ್ತಿದ್ದರು. ಅಮರಾವತಿ ಹೊಳೆಯ ಗೆರೆ ಹಿಡಿದು ಹೋಗಿ ನಾನು ತಡವರಿಸದೆ ಓದಿದ ಮೊದಲ ಹೆಸರು ಧಾರಾಪುರ. ವಿಭಾಗದ ಮಕ್ಕಳನ್ನು ಕರೆದುಕೊಂಡು ವರ್ಷವರ್ಷ ಹೊಳೆಯ ಅಗಲ ಅಳೆಯಲು ಹೋಗುತ್ತಿದ್ದ ಊರು ಅದು. ಈಗ ಇದನ್ನು ಬರೆಯುತ್ತಿರುವ ಅಕ್ಷರಗಳೆಲ್ಲ ಆ ಗೋಡೆಯಿಂದ ಬಂದವು.

ನನ್ನ ದನಿಯದೇ ಒಂದು ಕಥೆ. ಪವರ್‌ಲೂಮ್ ಓಡುವ ಮನೆಯಲ್ಲಿ ಮಾತು ಎರಡೇ ಬಗೆ. ಶೆಡ್ಡಿನ ಹೊರಗೆ ಕೂಗು, ಒಳಗೆ ಬರೀ ತುಟಿ. ಅಷ್ಟೂ ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ದನಿಯನ್ನು ಬಿಟ್ಟೇಬಿಡುತ್ತೇವೆ. ತುಟಿ ಅಗಲಿಸಿ ನಿಧಾನವಾಗಿ ಆಡಿಸಿದರೆ ಆ ಮೂಲೆಯವರು ಓದಿಕೊಳ್ಳುತ್ತಾರೆ, ಅಲ್ಲಿಂದಲೇ ಉತ್ತರ ಕೊಡುತ್ತಾರೆ. ಅಪ್ಪ ಆ ಕಡೆಯಿಂದ ತುಟಿಯಲ್ಲೇ ಬೈದರೆ ನಾನು ಈ ಕಡೆ ಕಣ್ಣೀರು ಹಾಕುತ್ತಿದ್ದೆ. ಅಕ್ಕನೂ ನಾನೂ ಒಂದು ಸದ್ದಿಲ್ಲದೆ ಗಂಟೆಗಟ್ಟಲೆ ಜಗಳಾಡಿದ್ದೇವೆ. ಇಂಥ ಮನೆಯಿಂದ ಬಂದವಳು ತರಗತಿಯಲ್ಲಿ ಬಾಯಿ ತೆರೆದರೆ ಹೇಗಿರುತ್ತದೆ? "ನಿಮ್ಮ ಪಾಠ ಕೇಳಿ ರಸ್ತೆಯಲ್ಲಿ ಹೋಗೋರೂ ಪಾಸಾಗ್ತಾರೆ ಕಣಮ್ಮ" ಎಂದು ಸರ್ ಕೀಟಲೆ ಮಾಡುತ್ತಿದ್ದರು.

ಅವರು ನಿವೃತ್ತರಾಗಿ ಮೈಸೂರಿನ ಮಗಳ ಮನೆಗೆ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಎಂದು ಆಡಳಿತ ಕಚೇರಿಯವರು ಹೇಳುತ್ತಲೇ ಇದ್ದರು. ನಾನು ಹೋಗಿ ಕೇಳುತ್ತಲೇ ಇದ್ದೆ. ಕೊನೆಗೆ ನನ್ನನ್ನು ಕಂಡರೆ ಅಲ್ಲಿಯ ಗುಮಾಸ್ತರು ಫೋನ್ ಕಿವಿಗಿಟ್ಟುಕೊಳ್ಳುವ ಮಟ್ಟಕ್ಕೆ ಬಂತು.

ತಿಂಗಳ ಸಭೆ ಮಾತ್ರ ನಿಲ್ಲಿಸಲಿಲ್ಲ. ಮೇಜಿನ ಈ ತುದಿಗೆ ನಾನು ಕೂತೆ, ಆ ತುದಿಗೆ ಕುರ್ಚಿ ಇಟ್ಟೆ. ತಾರಸಿಯ ಮಳೆಮಾಪಕಕ್ಕೆ ಹೊಸ ಗಾಜು ಬೇಕೆಂದು ಠರಾವು ಓದಿದೆ. ಗೋಡೆಗಾದರೂ ಕೇಳಲಿ ಎಂದು ನನ್ನ ದನಿಯಲ್ಲೇ ಓದಿದೆ. ಓದಿ ಆದ ಮೇಲೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ನನ್ನ ಮಾತಿಗೆ ನಾನೇ ಎದ್ದು ನಿಂತರೆ ಹುಚ್ಚು ಎನ್ನಿಸೀತು. ಕೂತೇ ಇದ್ದೆ. ಆ ಠರಾವು ಕಚೇರಿಯಿಂದ ವಾಪಸ್ಸು ಬಂತು. ಅನುಮೋದಕರಿಲ್ಲದ ಠರಾವು ಠರಾವೇ ಅಲ್ಲವಂತೆ. ಮಳೆಮಾಪಕದ ಗಾಜಿಗೆ ನಾನು ಗಣಪತಿ ಎಂಬ ಬಡಾವಣೆಯಲ್ಲಿರುವ ನನ್ನ ಮನೆಯ ಕೆಳಗಿನ ಲೇತ್ ಅಂಗಡಿಯವರನ್ನು ಹಿಡಿದು ಹೇಗೋ ಏರ್ಪಾಡು ಮಾಡಿಕೊಂಡೆ. ಆದರೆ ಆ ದಿನ ಬಂದ ಸಿಟ್ಟು ಗಾಜಿನದಲ್ಲ. ಒಂದು ಕೋಣೆಯಲ್ಲಿ ಒಬ್ಬಳೇ ಇದ್ದರೆ ನನ್ನ ಮಾತು ಮಾತೇ ಅಲ್ಲ ಎಂದಾಯಿತಲ್ಲ, ಅದಕ್ಕೆ.

ಗಣಪತಿಯಲ್ಲಿ ನಾನಿರುವುದು ಮಹಡಿಯ ಮೇಲಿನ ಬಾಡಿಗೆ ಮನೆ. ಹಗಲೆಲ್ಲ ಕೆಳಗೆ ಪಂಪಿನ ಬಿಡಿಭಾಗ ಕೊರೆಯುವ ಸದ್ದು. ಮದುವೆಯಾಗಲಿಲ್ಲ, ಆಗಲಿಲ್ಲ ಎಂದು ಕೊರಗಿದವಳೂ ಅಲ್ಲ. ಆದರೆ ಸರ್ ಹೋದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಸೋಮವಾರದಿಂದ ಶನಿವಾರದವರೆಗೆ ನನ್ನ ಬಾಯಿಂದ ಒಂದೇ ಒಂದು ಕನ್ನಡ ಮಾತು ಬರುತ್ತಿರಲಿಲ್ಲ. ಭಾನುವಾರ ಕರುಮತ್ತಂಪಟ್ಟಿಗೆ ಬಸ್ಸು ಹತ್ತಿ ಅಕ್ಕನ ಶೆಡ್ಡಿಗೆ ಹೋದರೆ ಅಲ್ಲಿ ಕನ್ನಡವಿತ್ತು, ದನಿಯಿರಲಿಲ್ಲ. ಒಂಟಿತನ ಎಂದರೆ ಇದೇ ಇರಬೇಕು ಎಂದುಕೊಂಡೆ.

ಹೀಗಿರುವಾಗ ಹೊಸ ನೀತಿಯ ಸುದ್ದಿ ಬಂತು. ಒಬ್ಬರೇ ಖಾಯಂ ಅಧ್ಯಾಪಕರಿರುವ ವಿಭಾಗಗಳನ್ನು ದೊಡ್ಡ ವಿಭಾಗಗಳೊಳಗೆ ಸೇರಿಸಿಬಿಡುವುದು, ಅವುಗಳ ಪದವಿಗೆ ಮಕ್ಕಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸುವುದು. ಭೂಗೋಳ ಅರ್ಥಶಾಸ್ತ್ರಕ್ಕೆ ಸೇರುತ್ತದೆ, ನಕಾಶೆ ಕೋಣೆ ಕಂಪ್ಯೂಟರ್ ಕೋಣೆಯಾಗುತ್ತದೆ, ನಾನು ಎಲ್ಲ ವಿಭಾಗದ ಮಕ್ಕಳಿಗೂ ಪರಿಸರ ಅಧ್ಯಯನದ ಸಾಮಾನ್ಯ ಪಾಠ ಹೇಳಿಕೊಂಡು ಓಡಾಡುತ್ತೇನೆ. ಒಬ್ಬಳೇ ಉಳಿದಿದ್ದಾಳೆ ಎಂದು ಮುಚ್ಚುತ್ತೀರಿ, ಒಬ್ಬಳೇ ಉಳಿಯುವ ಹಾಗೆ ಮಾಡಿದವರು ಯಾರಪ್ಪಾ? ಈ ಪ್ರಶ್ನೆಯನ್ನು ನಾನು ಕನ್ನಡಿಯ ಮುಂದೆ ನಿಂತು ಬಹಳ ಚೆನ್ನಾಗಿ ಕೇಳುತ್ತಿದ್ದೆ.

ನೀತಿ ಜಾರಿಯಾಗಬೇಕಾದರೆ ಅಕಾಡೆಮಿಕ್ ಕೌನ್ಸಿಲ್ ಒಪ್ಪಬೇಕು. ಎಲ್ಲ ವಿಭಾಗದ ಮುಖ್ಯಸ್ಥರೂ ಅದರ ಸದಸ್ಯರು. ಒಬ್ಬಳೇ ಇದ್ದ ಕಾರಣ ನಾನೂ ಮುಖ್ಯಸ್ಥೆ, ನಾನೂ ಸದಸ್ಯೆ. ಖಾಲಿ ಜಾಗ ತುಂಬುವವರೆಗೆ ಭೂಗೋಳವನ್ನು ಇದ್ದ ಹಾಗೇ ಬಿಡಿ ಎಂದು ನಾನು ತಿದ್ದುಪಡಿ ಸೂಚಿಸಬಹುದಿತ್ತು. ಅದಕ್ಕೆ ಒಬ್ಬ ಅನುಮೋದಕರು ಸಿಕ್ಕರೆ ಚರ್ಚೆ, ಚರ್ಚೆಯ ಮೇಲೆ ಮತ. ಸಿಗದಿದ್ದರೆ ನನ್ನ ಮಾತು ಅಲ್ಲೇ ಬಿದ್ದುಹೋಗುತ್ತದೆ, ನಡಾವಳಿಯಲ್ಲೂ ಸೇರುವುದಿಲ್ಲ. ನನಗೆ ಬೇಕಾದದ್ದು ಗೆಲುವಲ್ಲ. ಒಬ್ಬರು ಎದ್ದು ನಿಂತರೆ ಸಾಕಿತ್ತು.

ಅರ್ಥಶಾಸ್ತ್ರದ ಮುಖ್ಯಸ್ಥರ ಕೋಣೆಗೇ ಮೊದಲು ಹೋದೆ. ಒಳ್ಳೆಯ ಫಿಲ್ಟರ್ ಕಾಫಿ ತರಿಸಿಕೊಟ್ಟರು. "ನಿಮ್ಮ ನಕಾಶೆಗಳನ್ನು ಇಟ್ಟುಕೊಂಡು ನಾನೇನು ಮಾಡಲಿ ಮೇಡಂ? ನನಗೂ ಇದು ಬೇಡವಾದ ತಲೆನೋವು" ಎಂದು ತಮಿಳಿನಲ್ಲಿ ಹೇಳಿಕೊಂಡರು. "ಹಾಗಾದರೆ ಎದ್ದು ನಿಲ್ಲುತ್ತೀರಾ?" ಎಂದೆ. "ಕಂಡಿಪ್ಪಾ" ಎಂದರು, ಖಂಡಿತ ಎಂದು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಅವತ್ತು ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಊರೆಲ್ಲ ಚೆನ್ನಾಗಿ ಕಂಡಿತು.

ಕೌನ್ಸಿಲ್ ಸೇರಿದ ದಿನ ನಮ್ಮ ವಿಷಯವನ್ನು ಊಟಕ್ಕೆ ಸ್ವಲ್ಪ ಮುಂಚೆ ಎತ್ತಿಕೊಂಡರು. ಅದು ಹಳೆಯ ವರಸೆ; ಸಾಂಬಾರಿನ ವಾಸನೆ ಬಂದ ಮೇಲೆ ಯಾರೂ ವಾದ ಮಾಡುವುದಿಲ್ಲ. ಅಧ್ಯಕ್ಷರಾಗಿದ್ದ ಉಪಕುಲಪತಿಗಳು ಕೆಟ್ಟವರೇನಲ್ಲ, ಮೃದು ಮಾತಿನವರು. ನೀತಿಯನ್ನು ಓದಿ, "ಎಲ್ಲರಿಗೂ ಒಪ್ಪಿಗೆ ಎಂದು ತಿಳಿಯೋಣವೇ?" ಎಂದು ಕೇಳಿದರು. ನಾನು ಎದ್ದೆ. ನನ್ನ ಮುಂದಿದ್ದ ಮೈಕನ್ನು ಪಕ್ಕಕ್ಕೆ ಸರಿಸಿ ತಿದ್ದುಪಡಿ ಓದಿದೆ. ಆ ಸಭಾಂಗಣದ ಕಟ್ಟಕಡೆಯ ಕುರ್ಚಿಗೂ ಕೇಳಿಸಿತು, ಅದರಲ್ಲಿ ಅನುಮಾನವೇ ಇಲ್ಲ.

"ಇದಕ್ಕೆ ಅನುಮೋದಕರು?" ಎಂದರು ಉಪಕುಲಪತಿಗಳು.

ನಾನು ಅರ್ಥಶಾಸ್ತ್ರದವರ ಕಡೆ ನೋಡಿದೆ. ಅವರು ಬಗ್ಗಿ ಕಾಲಿನ ಹತ್ತಿರ ಏನನ್ನೋ ಹುಡುಕುತ್ತಿದ್ದರು. ಏನು ಬಿದ್ದಿತ್ತೋ, ಬಹಳ ಹೊತ್ತು ಸಿಗಲೇ ಇಲ್ಲ. ವರ್ಷಗಟ್ಟಲೆ ಜೊತೆಯಲ್ಲಿ ಪರೀಕ್ಷೆ ನಡೆಸಿದವರು, ಮಕ್ಕಳ ಮದುವೆಗೆ ಕರೆದವರು, ಎಲ್ಲರೂ ಮುಂದಿದ್ದ ಹಾಳೆ ನೋಡುತ್ತ ಕೂತಿದ್ದರು. ಒಂದು ಕುರ್ಚಿಯೂ ಅಲುಗಲಿಲ್ಲ. ನನಗೆ ಸರ್ ಅವರ ಮಂಡಿಯ ಲಟಕ್ ನೆನಪಾಯಿತು. ಆ ಸದ್ದು ಒಂದೇ ಒಂದು ಸಲ ಎಲ್ಲಿಂದಲಾದರೂ ಕೇಳಿಸಬಾರದೇ ಎಂದು ಹಂಬಲಿಸಿದೆ.

ಆಗ ನನ್ನ ದನಿ ಹೋಯಿತು. ಅದುವರೆಗೆ ಒಮ್ಮೆಯೂ ಕೈಕೊಡದ ದನಿ. ಕಷ್ಟ ಬಂದಾಗ ಬಾಯಿ ತನಗೆ ಮೊದಲು ಗೊತ್ತಿದ್ದ ಕಡೆಗೆ ಹೋಗುತ್ತದೋ ಏನೋ, ನನ್ನ ತುಟಿಗಳು ಶೆಡ್ಡಿನಲ್ಲಿ ಆಡುವ ಹಾಗೆ ಅಗಲವಾಗಿ, ನಿಧಾನವಾಗಿ, ಸದ್ದಿಲ್ಲದೆ ಆಡಿದವು. ಅದೂ ನಮ್ಮ ಮನೆಯ ಕನ್ನಡದಲ್ಲಿ. "ಯಾರಾದ್ರೂ ಒಬ್ರು ಏಳಿ. ಒಬ್ಳೇ ನಿಂತಿದೀನಿ." ನೋಡಿದವರಿಗೆ ಹೆಂಗಸು ಗಾಬರಿಯಾಗಿ ಬಾಯಿ ಬಾಯಿ ಬಿಡುತ್ತಿದ್ದಾಳೆ ಎನ್ನಿಸಿರಬೇಕು.

ಕೊನೆಯ ಸಾಲಿನಿಂದ ಉತ್ತರ ಬಂತು. ಅಲ್ಲಿ ಭೌತಶಾಸ್ತ್ರದ ಹೊಸ ಹುಡುಗ ಕೂತಿದ್ದ. ಕಿರಿಯ ಅಧ್ಯಾಪಕರ ಪರವಾಗಿ ಉಪಕುಲಪತಿಗಳೇ ಹೆಸರಿಸಿದ ಸದಸ್ಯ. ಕಾರಿಡಾರಿನಲ್ಲಿ ಎದುರಾದರೆ ತಮಿಳಿನಲ್ಲಿ ವಣಕ್ಕಂ ಎಂದು ಬದಿಗೆ ಸರಿದು ಹೋಗುವವನು. ಅವನು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಅವನ ತುಟಿಗಳೂ ಅಗಲವಾಗಿ, ನಿಧಾನವಾಗಿ ಆಡಿದವು. "ಕೇಳ್ಸ್ತು ಅಕ್ಕಾ" ಎಂದ. ಕನ್ನಡದಲ್ಲಿ. ಆಮೇಲೆ, "ನಂಗಾಗಲ್ಲ. ಇನ್ನೂ ಪರ್ಮನೆಂಟ್ ಆಗಿಲ್ಲ" ಎಂದ.

ಇಷ್ಟು ಜನರಿದ್ದ ಆ ಸಭಾಂಗಣದಲ್ಲಿ ನಮ್ಮವನು ಒಬ್ಬನಿದ್ದ ಎಂದು ತಿಳಿದದ್ದೂ, ಅವನು ಏಳುವುದಿಲ್ಲ ಎಂದು ತಿಳಿದದ್ದೂ ಒಂದೇ ಉಸಿರಿನಲ್ಲಿ. ಯಾರೂ ನನ್ನ ಮಾತು ಕೇಳಿಸಿಕೊಳ್ಳದೇ ಹೋಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಕೇಳಿಸಿಕೊಂಡು ಕೂತನಲ್ಲ.

"ಅನುಮೋದಕರಿಲ್ಲ. ಮುಂದಿನ ವಿಷಯ" ಎಂದರು ಉಪಕುಲಪತಿಗಳು, ಬೇಸರದ ದನಿಯಲ್ಲೇ. ನಾನು ಕೂತೆ. ಊಟಕ್ಕೆ ನಿಲ್ಲಲಿಲ್ಲ.

ಆ ಭಾನುವಾರ ಅಕ್ಕನ ಶೆಡ್ಡಿಗೆ ಹೋದಾಗ ಮಗ್ಗಗಳು ಓಡುತ್ತಿದ್ದವು. ಅಕ್ಕ ಕಡಿದ ನೂಲು ಕಟ್ಟುತ್ತ ನನ್ನ ಮುಖ ನೋಡಿದವಳೇ ತುಟಿಯಾಡಿಸಿದಳು. "ಏನಾಚು? ಮುಖ ಯಾಕೆ ಇಂಗಿದೆ?" ನಾನು ಈ ಕಡೆ ನಿಂತು ಎಲ್ಲವನ್ನೂ ಹೇಳಿದೆ. ಸದ್ದಿಲ್ಲದೆ ಹೇಳಿದ್ದರಿಂದಲೋ ಏನೋ ಅಳು ಬರಲಿಲ್ಲ. ಆ ಹುಡುಗನ ಚಹರೆ ಹೇಳಿದಾಗ ಅಕ್ಕ ಮಗ್ಗ ನಿಲ್ಲಿಸಿ ಹತ್ತಿರ ಬಂದಳು.

"ಅದು ಸೋಮನೂರ್ ದಾರೀಲಿ ಇರೋ ನಮ್ಮೋರ ಮನೆ ಮಗ" ಎಂದಳು, ಈಗ ದನಿಯಲ್ಲಿ, ಅಂದರೆ ಕೂಗಿ. "ಅವ್ರಪ್ಪ ಮಗ್ಗಾನೆಲ್ಲ ಪಳೇ ಇರುಂಬು, ಹಳೇ ಕಬ್ಬಿಣ ಅಂತ ತೂಕಕ್ಕೆ ಹಾಕ್ಬುಟ್ರು. ಈಗ ಇವನ್ ಸಂಬ್ಳ ಒಂದೇ. ಪಾವಂ, ಪಾಪ, ಬಿಡು."

"ಅವನು ಪಾವಂ, ಸರಿ. ನಾನು?"

ಅಕ್ಕ ನೂಲಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ತಲೆ ಸವರಿದಳು. ಆಮೇಲೆ ಅನ್ನ ಬಡಿಸಿದಳು. ಎರಡನೇ ಸಲ ಬೇಡವೆಂದರೂ ಹಾಕಿದಳು.

ಆ ವರ್ಷ ಭೂಗೋಳಕ್ಕೆ ಹೊಸ ಮಕ್ಕಳನ್ನು ತೆಗೆದುಕೊಳ್ಳಲಿಲ್ಲ. ಇದ್ದ ಮಕ್ಕಳ ಕೊನೆಯ ಪರೀಕ್ಷೆ ಮುಗಿದ ಮೇಲೆ ನಕಾಶೆ ಕೋಣೆ ಖಾಲಿ ಮಾಡಬೇಕೆಂದು ಹೇಳಿಕಳಿಸಿದರು. ಅಲ್ಲಿಯವರೆಗೆ ನಾನು ತಿಂಗಳ ಸಭೆ ತಪ್ಪಿಸಲಿಲ್ಲ. ಅದು ಹಟವೋ, ಅಭ್ಯಾಸವೋ, ಹೇಳಲಾರೆ. ಸರ್ ಮೈಸೂರಿನಿಂದ ಫೋನ್ ಮಾಡಿದಾಗ ಕೌನ್ಸಿಲ್ಲಿನ ವಿಷಯ ಹೇಳಿದೆ. "ನಾನು ಇರಬೇಕಿತ್ತಮ್ಮ" ಎಂದರು. ಅವರ ದನಿಯೂ ಮಂಡಿಯ ಹಾಗೆ ಸವೆದಿತ್ತು.

ಕೊನೆಯ ಸಭೆಯ ದಿನ ಗೋಡೆಯ ನಕಾಶೆಗಳೆಲ್ಲ ಇಳಿದು ಸುರುಳಿಯಾಗಿ ಮೂಲೆಯಲ್ಲಿ ನಿಂತಿದ್ದವು. ಕಾವೇರಿ ಕಣಿವೆಯದೊಂದನ್ನು ಮಾತ್ರ ಇಳಿಸಿರಲಿಲ್ಲ. ಬಾಗಿಲು ತೆರೆದೇ ಇತ್ತು. ಮೇಜಿನ ಈ ತುದಿಗೆ ಕೂತು ಠರಾವು ಓದಿದೆ. ತಾರಸಿಯ ಮಳೆಮಾಪಕವನ್ನು ಅಲ್ಲೇ ಬಿಡಬೇಕು, ದಿನವೂ ಬೆಳಿಗ್ಗೆ ನೋಡಿ ಬರೆದಿಡಲು ನನಗೆ ಅವಕಾಶ ಕೊಡಬೇಕು ಎಂದು. ಓದಿ ತಲೆಯೆತ್ತಿದರೆ ಹೊಸಿಲಿನಾಚೆ ಆ ಭೌತಶಾಸ್ತ್ರದ ಹುಡುಗ ನಿಂತಿದ್ದ. ನನ್ನ ದನಿ ಕಾರಿಡಾರಿನ ಉದ್ದಕ್ಕೂ ಹೋಗಿತ್ತಲ್ಲ.

ಅವನ ತುಟಿಗಳು ಆಡಿದವು. "ನಾನ್ ಅನುಮೋದಿಸ್ತೀನಿ ಅಕ್ಕಾ."

ಎಷ್ಟೋ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಉಕ್ಕಿ ಬಂತು. "ಇಲ್ಲಿ ಯಾವ ಮಗ್ಗಾನೂ ಓಡ್ತಿಲ್ಲಪ್ಪ" ಎಂದೆ. "ಒಳಗೆ ಬಾ. ಬಾಯ್ಬಿಟ್ಟು ಹೇಳು."

ಅವನು ಒಳಗೆ ಬಂದ. ಕಾರಿಡಾರಿನ ಆ ಕಡೆ ಈ ಕಡೆ ನೋಡಿದ. ಆಮೇಲೆ ಹಿಂದಕ್ಕೆ ಕೈ ಚಾಚಿ ಬಾಗಿಲು ಮುಚ್ಚಿ, ಚಿಲಕ ಹಾಕಿ, ನೆಟ್ಟಗೆ ನಿಂತು ದನಿಯಲ್ಲಿ ಹೇಳಿದ. "ಅನುಮೋದಿಸ್ತೀನಿ."

ಒಳ್ಳೆಯ ದನಿ. ಪಾಠ ಹೇಳಲು ತಕ್ಕ ದನಿ. ಆ ಒಂದು ಮಾತಿಗಾಗಿ ನಾನು ಎಷ್ಟು ಕಾದಿದ್ದೆನೆಂದರೆ, ಅದು ಕಿವಿಗೆ ಬಿದ್ದ ಕೂಡಲೇ ಕಣ್ಣು ತುಂಬಿತು. ಆದರೆ ಚಿಲಕದ ಸದ್ದೂ ಕೇಳಿಸಿತ್ತು. ನಾನು ಎದ್ದು ಅವನನ್ನು ದಾಟಿ ಹೋಗಿ ಚಿಲಕ ತೆಗೆದು ಬಾಗಿಲನ್ನು ಪೂರಾ ತೆರೆದೆ.

"ಈಗ ಹೇಳು."

ಹೊರಗೆ ಯಾರೋ ಇಬ್ಬರು ಮಾತಾಡಿಕೊಂಡು ಬರುತ್ತಿದ್ದರು. ಅವನ ಮುಖವೆಲ್ಲ ಬೆವರಿತ್ತು. ತುಟಿಗಳು ಮಾತ್ರ ಆಡಿದವು, ಅದೂ ಸಣ್ಣದಾಗಿ. "ತಪ್ಪಾಯ್ತು ಅಕ್ಕಾ" ಎಂದ. ಅವನ ಮನೆಯ ಮಗ್ಗಗಳು ತೂಕಕ್ಕೆ ಹೋದದ್ದು ನೆನಪಾಯಿತು. ಸಿಟ್ಟು ಇಳಿಯಿತು ಎಂದಲ್ಲ. ಆದರೆ ಅದನ್ನು ಅವನ ಮೇಲೆ ಹಾಕಲು ಮನಸ್ಸು ಬರಲಿಲ್ಲ.

ನಾನೂ ತುಟಿಯಲ್ಲೇ ಹೇಳಿದೆ. "ಹೋಗು. ನಿಂಗೆ ಕ್ಲಾಸಿಗೆ ನೇರ ಆಯ್ತು, ಹೊತ್ತಾಯ್ತು."

ಅವನು ಹೋದ. ನಾನು ಬಂದು ಮೇಜಿನ ಈ ತುದಿಗೆ ಕೂತೆ. ಆ ತುದಿಯ ಕುರ್ಚಿ, ಗೋಡೆಯ ಮೇಲೆ ಕಾವೇರಿ ಕಣಿವೆ, ತೆರೆದ ಬಾಗಿಲು. ಸಭೆ ಮುಗಿಯಬೇಕಾದರೆ ಇನ್ನೂ ವಂದನಾರ್ಪಣೆ ಬಾಕಿಯಿತ್ತು. ಎದ್ದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಬಿಡುವು ಮಾಡಿಕೊಂಡು ಬಂದ ಎಲ್ಲ ಸದಸ್ಯರಿಗೂ ನಾನೇ ಕೃತಜ್ಞತೆ ಹೇಳಿದೆ.